ಕಬ್ಬಿಣ ಮುಟ್ಟಿಸದ ಬಳ್ಳಿ

ರಾಣೆಬೆನ್ನೂರಿನ ನಮ್ಮ ಮನೆಯ ಅಡುಗೆಮನೆಯಲ್ಲಿ ನಡುಹಗಲಿಗೂ ಚಿಮಣಿ ಹಚ್ಚಿಕೊಂಡೇ ರೊಟ್ಟಿ ಬಡಿಯಬೇಕಿತ್ತು. ಮಣ್ಣಿನ ಮಾಳಿಗೆಯ ಹಳೆಯ ಮನೆ ಅದು. ಗೋಡೆಗಳು ದಪ್ಪ, ಕಿಟಕಿ ಎಂಬುದು ಬೀದಿಯ ಕಡೆಯ ಪಡಸಾಲೆಗೆ ಮಾತ್ರ. ಪಡಸಾಲೆ ದಾಟಿದರೆ ನಡುಮನೆ, ಅದರ ಬಲಕ್ಕೆ ದೇವರ ಜಗುಲಿ, ಎಡಕ್ಕೆ ಜೋಳದ ಚೀಲಗಳ ಸಾಲು, ಕೊನೆಗೆ ಅಡುಗೆಮನೆ. ಅಲ್ಲಿಗೆ ಬೆಳಕು ಬರಬೇಕಾದದ್ದು ಮಾಳಿಗೆಯಲ್ಲಿ ಬಿಟ್ಟ ಒಂದೇ ಒಂದು ಬೆಳಕಿಂಡಿಯಿಂದ. ಒಲೆಯ ಹೊಗೆ ಹೊರಗೆ ಹೋಗಬೇಕಾದದ್ದೂ ಅದರಿಂದಲೇ. ಆ ಬೆಳಕಿಂಡಿಯ ಮೇಲೆ ಹಿತ್ತಲಿನ ಬಳ್ಳಿ ಬಂದು ಕೂತಿತ್ತು. ಬಚ್ಚಲ ಗೋಡೆ ಹಿಡಿದು ಹತ್ತಿ, ಮಾಳಿಗೆಯ ಮೇಲೆ ಹಾಸಿಗೆ ಹಾಸಿದಂತೆ ಹಬ್ಬಿ, ಬೆಳಕಿನ ಬಾಯಿಯನ್ನೇ ಮುಚ್ಚಿಬಿಟ್ಟಿತ್ತು. ಅವ್ವ ಕೆಳಗಿನಿಂದ ಕೋಲು ಹಾಕಿ ಸರಿಸಿದರೆ ವಾರದೊಳಗೆ ಮತ್ತೆ ಅಲ್ಲಿಯೇ ಹಾಜರು. ಎಲೆಯೆಂದರೆ ಎಲೆ, ಹಸಿರೆಂದರೆ ಹಸಿರು. ಹೂವು ಮಾತ್ರ ಇಲ್ಲ. ನಾನು ತೊಟ್ಟಿಲಲ್ಲಿದ್ದಾಗ ನೆಟ್ಟ ಬಳ್ಳಿಯಂತೆ ಅದು. ನನಗೆ ಎರಡು ಜಡೆ ಹಾಕುವಷ್ಟು ಕೂದಲು ಬಂದರೂ ಅದಕ್ಕೆ ಒಂದು ಮೊಗ್ಗು ಬಂದಿರಲಿಲ್ಲ. ಮೇಲಾಗಿ ಅದು ಯುದ್ಧದ ಕಾಲ. ಚಿಮಣಿ ಎಣ್ಣೆ ಸಿಗುವುದೇ ಕಷ್ಟವಾಗಿತ್ತು. ರಾತ್ರಿಗೆ ಇಡಬೇಕಾದ ಎಣ್ಣೆಯನ್ನು ಹಗಲಿಗೆ ಸುಡುತ್ತಿದ್ದೇವೆ ಎಂದು ಮನೆಯಲ್ಲಿ ಎಲ್ಲರಿಗೂ ಒಳಗೊಳಗೇ ಸಿಟ್ಟಿತ್ತು. ಅದು ಯಾರ ಮೇಲೆ ತಿರುಗಬೇಕೋ ಅವರ ಮೇಲೇ ತಿರುಗುತ್ತಿತ್ತು. ಬಳ್ಳಿ ಅವ್ವನದು.

ಅವ್ವನ ತವರು ಬ್ಯಾಡಗಿ. ನನ್ನ ನೆನಪಿಗೆ ಆ ತವರು ಇಲ್ಲ. ಅವಳ ಅವ್ವ, ಅಪ್ಪ ಇಬ್ಬರೂ ಒಂದೇ ವರ್ಷ ತೀರಿಕೊಂಡಿದ್ದರು, ಅಣ್ಣತಮ್ಮಂದಿರಿರಲಿಲ್ಲ, ಮನೆ ದಾಯಾದಿಗಳಿಗೆ ಹೋಯಿತು. ಕಡೆಯ ಸಲ ಆ ಮನೆಯ ಬಾಗಿಲು ದಾಟಿ ಬರುವಾಗ ಅವಳಿಗೆ ಏನು ಬೇಕೋ ತೆಗೆದುಕೋ ಎಂದರಂತೆ. ತಾಮ್ರದ ಹಂಡೆ ಇತ್ತು, ಒರಳಿತ್ತು, ತೂಗುಮಣೆ ಇತ್ತು. ಅವಳು ಹಿತ್ತಲಿಗೆ ಹೋಗಿ, ತನ್ನ ಅವ್ವ ಹಾಕಿದ್ದ ಚಪ್ಪರದ ಬುಡದಲ್ಲಿ ಬೇರು ಬಿಟ್ಟಿದ್ದ ಒಂದು ಕಡ್ಡಿಯನ್ನು ಕಿತ್ತು, ಹಸಿ ಅರಿವೆಯಲ್ಲಿ ಸುತ್ತಿ, ನನ್ನನ್ನು ಒಂದು ತೊಡೆಯ ಮೇಲೆ ಅದನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಂಡು ರೈಲು ಹತ್ತಿ ಬಂದಳು. ಆಗ ಕಡು ಬೇಸಿಗೆ. ಚಪ್ಪರದ ಮೇಲೆ ಒಂದು ಎಲೆ ಉಳಿದಿರಲಿಲ್ಲ. ಅಲ್ಲಿ ಎರಡು ಬಳ್ಳಿ ಒಂದಕ್ಕೊಂದು ಸುತ್ತಿಕೊಂಡಿದ್ದವು. ಒಂದು ಅವಳ ಅವ್ವ ಸಾಕಿದ ಜಾಜಿ, ಇನ್ನೊಂದು ಹಕ್ಕಿ ಬೀಜ ಬೀಳಿಸಿ ತಾನಾಗಿ ಹುಟ್ಟಿದ ಯಾವುದೋ ಕಾಡುಬಳ್ಳಿ. ತಾನು ತಂದದ್ದು ಜಾಜಿಯೇ ಎಂದು ಅವ್ವ ಬಂದ ದಿನ ಮನೆಯಲ್ಲಿ ಹೇಳಿದಳು. ವರ್ಷ ಕಳೆದಂತೆ ಆ ಮಾತನ್ನು ಮೆಲ್ಲಗೆ ಹೇಳತೊಡಗಿದಳು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಹೇಳುವುದನ್ನೇ ಬಿಟ್ಟಿದ್ದಳು.

ಆ ಬಳ್ಳಿಗೆ ಕತ್ತಿ ಮುಟ್ಟಿಸದೆ ಬಿಟ್ಟದ್ದಕ್ಕೂ ಒಂದು ಕಾರಣವಿತ್ತು. ಅಪ್ಪನ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದವಳು, ಅದನ್ನು ನೆಟ್ಟ ದಿನವೇ ದೇವರಿಗೆ ಬಿಟ್ಟಿದ್ದಳು. ಮೊದಲ ಹೂವು ಲಿಂಗಕ್ಕೆ, ಅಲ್ಲಿಯವರೆಗೆ ಅದಕ್ಕೆ ಕಬ್ಬಿಣ ಸೋಕಬಾರದು ಎಂದು ಅಪ್ಪಣೆ. ಕುಡಗೋಲಿಲ್ಲ, ಕೊಡಲಿ ಇಲ್ಲ, ಈಳಿಗೆ ಸಹ ಇಲ್ಲ. ಅಷ್ಟೇ ಅಲ್ಲ, ದಿನಾ ಮುಂಜಾನೆ ಆಯಿಯ ಪೂಜೆ ಮುಗಿದ ಮೇಲೆ ಲಿಂಗ ತೊಳೆದ ನೀರನ್ನು ತುಳಿಯುವ ಜಾಗದಲ್ಲಿ ಚೆಲ್ಲಬಾರದೆಂದು ಅದರ ಬುಡಕ್ಕೇ ಹಾಕಬೇಕು, ಅದರ ಮೇಲೆ ಇನ್ನೊಂದು ತುಂಬಿದ ಕೊಡ. ಆ ಕೊಡ ಹೊರುವ ಕೆಲಸ ನನ್ನದು. ಬಚ್ಚಲ ನೀರೂ ಅತ್ತಲೇ ಹರಿಯುತ್ತಿತ್ತು. ಹೀಗೆ ಭಕ್ತಿಯಿಂದ ಉಣಿಸಿ ಉಣಿಸಿ, ಮುಟ್ಟದೆ ಮುಟ್ಟದೆ ನಾವು ಅದನ್ನು ಬೆಳೆಸಿದ್ದೆವು. ದೇವರ ಮೇಲಿನ ಪ್ರೀತಿಯಲ್ಲಿ ತಪ್ಪಾಗಬಹುದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಒಂದು ದೀಪಾವಳಿಗೆ ಅಪ್ಪನ ತಂಗಿ ಗಂಗತ್ತಿ ಹಾವೇರಿಯಿಂದ ಬಂದಳು. ಅವಳು ಬಂದರೆ ಮನೆ ತುಂಬಿದಂತೆ. ನಗು ಜೋರು, ಮಾತು ಅದಕ್ಕಿಂತ ಜೋರು. ಪಾಡ್ಯದ ದಿನ ಹೋಳಿಗೆ. ಎಲ್ಲರೂ ಊಟಕ್ಕೆ ಕೂತಿದ್ದೇವೆ, ಅವ್ವ ಕಟ್ಟಿನ ಸಾರಿನ ಪಾತ್ರೆಯ ಮುಚ್ಚಳ ತೆಗೆದು ಸೌಟು ಹಾಕುವುದಕ್ಕೂ ಬೆಳಕಿಂಡಿಯ ಎಲೆಗಳೊಳಗಿಂದ ಒಂದು ಕಂಬಳಿಹುಳ ಬಿದ್ದು ಸಾರಿನಲ್ಲಿ ಮುಳುಗುವುದಕ್ಕೂ ಸರಿಹೋಯಿತು. ಹಬ್ಬದ ಸಾರು ಇಡೀ ಪಾತ್ರೆ ಚೆಲ್ಲಬೇಕಾಯಿತು.

“ಅಲ್ಲಾ ವೈನಿ, ಬ್ಯಾಡಗಿಯವರು ಅಂದ್ರ ಬರೂವಾಗ ಮೆಣಸಿನಕಾಯಿ ತರ್ತಾರ. ನೀವು ಹುಳಾ ಸಾಕಾಕ ಬಳ್ಳಿ ತಂದೀರೇನು?” ಎಂದಳು ಗಂಗತ್ತಿ.

ಅವ್ವ ತುಪ್ಪ ಬಡಿಸಿದಳು. ಗಂಗತ್ತಿಗೆ ಅಷ್ಟು ಸಾಲಲಿಲ್ಲ.

“ಚಪ್ಪರದಾಗ ಎರಡ ಬಳ್ಳಿ ಇದ್ದವು ಅಂತ ನೀವ ಹೇಳೀರಿ. ಜಾಜಿ ಅಲ್ಲೇ ಬಿಟ್ಟು ಕಾಡಬಳ್ಳಿ ಕಿತಗೊಂಡ ಬಂದೀರಿ. ದಾಯಾದಿಗೋಳು ಅಲ್ಲಿ ಜಾಜಿ ಮುಡೀತಿರಬೇಕು, ನಾವಿಲ್ಲಿ ಹುಳದ ಸಾರು ಉಣ್ಣಾಕತ್ತೇವಿ.”

ಅವ್ವ ತುಪ್ಪದ ಗಿಂಡಿಯನ್ನು ಕೆಳಗಿಟ್ಟಳು. ಅವಳನ್ನು ಕುಟುಕಿದ್ದು ಹುಳದ ಮಾತಲ್ಲ. ತವರಿನಿಂದ ತರಬಹುದಾದ ಒಂದೇ ಒಂದನ್ನು ತಾನು ತಪ್ಪಿ ಬಿಟ್ಟು ಬಂದೆನೇ ಎಂಬ ಅಂಜಿಕೆ ಅವಳಿಗೆ ಮೊದಲಿನಿಂದ ಇತ್ತು. ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಳು. ಆಯಿ ಉಣ್ಣುವುದನ್ನು ನಿಲ್ಲಿಸಿ, ಅವ್ವನ ಕಡೆ ತಿರುಗಿ ಕೈ ಎತ್ತಿದಳು. ಆಯಿ ಕೈ ಎತ್ತಿದರೆ ಗಂಗತ್ತಿಯೂ ಬಾಯಿ ಮುಚ್ಚುತ್ತಿದ್ದಳು.

“ಪಾರವ್ವಾ, ಕೇಳು. ಬ್ಯಾಸಗ್ಯಾಗ ಮಾಳಗಿಗೆ ಹೊಸಾ ಮಣ್ಣ ಹಾಕಸೂದೈತಿ. ಮಣ್ಣಿನವರು ಬರೂದ್ರಾಗ ಒಂದ ಮೊಗ್ಗರ ಬರಲಿ. ಬಂತೋ, ಅದು ದೇವರ ಬಳ್ಳಿ, ನಾ ಇರೂತನಾ ಯಾರೂ ಮಾತಾಡಂಗಿಲ್ಲ. ಬರಲಿಲ್ಲೋ, ಅದು ಕಾಡಬಳ್ಳಿ. ಬೇರ ಸಹಿತ ತಗಸ್ತೀನಿ.”

“ಅಲ್ಲೀತನಾ ಒಂದೀಟು ಕತ್ತರಸಲೇನ್ರಿ ಅತ್ತಿ? ಬೆಳಕಿಂಡಿ ಮ್ಯಾಲಿಂದರ?” ಎಂದಳು ಅವ್ವ.

“ಅಲ್ಲೀತನಾ ಅದು ದೇವರದ. ದೇವರದಕ್ಕ ಕಬ್ಬಿಣ ಮುಟ್ಟಸ್ತಾರೇನು?”

ಹೀಗೆ ಇಟ್ಟುಕೊಳ್ಳುವಂತೆಯೂ ಇಲ್ಲ, ಕತ್ತರಿಸುವಂತೆಯೂ ಇಲ್ಲ. ಆಯಿಯ ತೀರ್ಪುಗಳು ಹಾಗೇ ಇರುತ್ತಿದ್ದವು, ಗಟ್ಟಿ ಮತ್ತು ನುಣುಪು, ಎಲ್ಲಿಯೂ ಉಗುರು ಹಾಕಲು ಸಂದು ಇರುತ್ತಿರಲಿಲ್ಲ. ಸಂಜೆ ದೀಪ ಹಚ್ಚುವಾಗ ಅವ್ವ ಎಂದಿನಂತೆ ಜಗುಲಿಯ ಮುಂದೆ ನಿಂತು ಆ ದಿನದ ಉಪಕಾರಗಳನ್ನು ದೇವರಿಗೆ ಒಪ್ಪಿಸಿದಳು. ಅದು ಅವಳ ಪದ್ಧತಿ, ನನಗೂ ಅವಳಿಂದಲೇ ಬಂದದ್ದು. ಬೇಡುವುದಕ್ಕಿಂತ ಮೊದಲು ಬಂದದ್ದನ್ನು ಹೇಳಬೇಕು. ಹೋಳಿಗೆ ಹರಿಯಲಿಲ್ಲ ಎಂದಳು. ಹುಳ ಸಾರಿನಲ್ಲಿ ಬಿತ್ತು, ಹಾಲಿನಲ್ಲಿ ಬೀಳಲಿಲ್ಲ ಎಂದಳು. ಆಮೇಲೆ ದೀಪದ ಬತ್ತಿ ಸರಿಮಾಡಿ,

“ಅತ್ತಿ ಬ್ಯಾಸಗಿ ಅಂದ್ರು, ನಾಳಿ ಅನ್ನಲಿಲ್ಲ. ಅದೂ ಒಂದು ನಿನ್ನ ಉಪಕಾರ ನಮ್ಮಪ್ಪಾ” ಎಂದಳು.

ನಮ್ಮ ಹಿತ್ತಲಿನ ಗೋಡೆಯ ಆಚೆ ಜೈನಾಬಿಯ ಮನೆ. ಅವಳ ಗಂಡ ಅತ್ತರು ಮಾರುವವನು. ಗುತ್ತಲದ ಸಂತೆ, ದೇವರಗುಡ್ಡದ ಜಾತ್ರೆ ಎಂದು ಪೆಟ್ಟಿಗೆ ಹೊತ್ತು ತಿರುಗುತ್ತಿದ್ದ. ಜೈನಾಬಿ ನಡುವಯಸ್ಸಿನ, ಹಲ್ಲಿಗೆ ಮಿಸ್ಸಿಯ ಕರಿಪುಡಿ ಹಚ್ಚುವ, ನಗುಮುಖದ ಹೆಂಗಸು. ಗೋಡೆಯ ಮೇಲಿಂದ ಮಜ್ಜಿಗೆ ಆ ಕಡೆ, ನಿಂಬೆಹಣ್ಣು ಈ ಕಡೆ ದಿನಾ ಹಾದುಹೋಗುತ್ತಿತ್ತು. ದೀಪಾವಳಿ ಕಳೆದ ನಾಲ್ಕಾರು ದಿನಕ್ಕೆ ಗೋಡೆಯಾಚೆಯಿಂದ ಅವಳೇ ಕೇಳಿದಳು.

“ಪಾರವ್ವಾರ, ಹಬ್ಬದ ದಿನ ಏನದು ನಿಮ್ಮನ್ಯಾಗ ಗದ್ದಲ? ನಿಮ್ಮ ನಾದಿನಿ ದನಿ ನಮ್ಮ ಅಂಗಳದಾಗ ಬಂದು ಕುಂತಿತ್ತು.”

ಅವ್ವ ಎಲ್ಲ ಹೇಳಿದಳು. ಹೇಳುವಾಗ ನಕ್ಕಳು, ಆದರೆ ಕಡೆಗೆ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಜೈನಾಬಿ ಕೊಡ ಕೆಳಗಿಟ್ಟು, ತನ್ನ ಅಂಗಳದ ಬಳ್ಳಿಯಿಂದ ಒಂದು ಎಲೆ ಹರಿದುಕೊಂಡು ಗೋಡೆಯ ಹತ್ತಿರ ಬಂದಳು. ನನಗೆ ನಮ್ಮ ಬಳ್ಳಿಯದೊಂದು ಎಲೆ ತಾ ಎಂದಳು. ಎರಡನ್ನೂ ಗೋಡೆಯ ಮೇಲೆ ಅಕ್ಕಪಕ್ಕ ಇಟ್ಟಳು.

“ಇದು ಒಂದ ಎಲಿ ಅಲ್ಲ ಮಗಳ, ದೇಟಿನ ಎರಡೂ ಕಡೆ ಜೋಡಿ ಜೋಡಿ ಸಣ್ಣ ಎಲಿ ಅದಾವು, ಹೌದಿಲ್ಲೊ? ತುದಿಗೊಂದು ಒಂಟಿ. ಆ ತುದೀದನ್ನ ನೋಡು. ಉಳದವಕ್ಕಿಂತ ಉದ್ದ, ಚೂಪ. ಅದರ ಕೆಳಗಿನ ಜೋಡಿ ಅದಕ್ಕ ಅಂಟಗೊಂಡ ಐತಿ, ಅವ್ವನ ಸೆರಗ ಹಿಡದ ಮಕ್ಕಳಂಗ. ಕಾಣಸ್ತೇನು?”

ನಾನು ಬಗ್ಗಿ ನೋಡಿದೆ. ಅವಳ ಎಲೆಯಲ್ಲೂ ಹಾಗೇ ಇತ್ತು, ನಮ್ಮದರಲ್ಲೂ ಹಾಗೇ ಇತ್ತು. ನಮ್ಮದು ದೊಡ್ಡದು, ಕಡು ಹಸಿರು, ಅಷ್ಟೇ ಭೇದ.

“ಇದು ಚಮೇಲಿ. ನೀವು ಜಾಜಿ ಅಂತೀರಲ್ಲ, ಅದ. ನಿಮಗ ಗೊತ್ತೈತಿ ಅಂತ ನಾ ಇಷ್ಟ ದಿನ ತಿಳಕೊಂಡಿದ್ದೆ. ಮೊಗ್ಗು ಬಂದಾಗ ನೋಡ್ರಿ, ಬೆನ್ನಿಗೆ ಒಂದೀಟು ಕೆಂಪು ಇರತೈತಿ. ಕಾಡಬಳ್ಳಿ ಅಂದವರ ಕಣ್ಣಿಗೆ ಸುರ್ಮಾ ಹಚ್ಚಸ್ರಿ ಮೊದಲ.”

ಅವ್ವ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಕೈಯಲ್ಲಿ ಆ ಎಲೆ. ಅದರ ತುದಿಯನ್ನು ಬೆರಳಿನಿಂದ ಸವರಿದಳು.

“ಮತ್ತ ಹೂವ ಯಾಕ ಬಿಡವಲ್ದು ಬೂಬು?” ಎಂದಳು ಕಡೆಗೆ.

“ಯಾಕ ಬಿಡತೈತಿ? ಮುಂಜಾನೆ ಕೊಡ ನೀರು, ಹಿಂದ ಬಚ್ಚಲ ನೀರು, ಆಮ್ಯಾಲೆ ಮುಸರಿ ನೀರು. ಉಂಡು ಉಂಡು ಮೈ ಬೆಳಸೈತಿ. ಚಳಿಗಾಲದಾಗ ನೀರು ಬಂದ್ ಮಾಡ್ರಿ. ಎಲಿ ಎಲ್ಲಾ ತಗೀರಿ. ಹಳೀ ಬಳ್ಳಿ ಕತ್ತರಿಸಿ ಎದಿಮಟಕ್ಕ ತರ್ರಿ. ಹೊಸಾ ಚಿಗುರಿನ ತುದೀಗೆ ಹೂವು ಬರೂದು, ಹಳೇದಕ್ಕಲ್ಲ. ನಂದ ನೋಡ್ರಿ, ನಿಮ್ಮದರ ಕಾಲಿನಷ್ಟೂ ಇಲ್ಲ, ಮಳಿಗಾಲದಾಗ ದಿನಾ ಸಂಜಿಗೆ ಉಡಿ ತುಂಬತೈತಿ.”

“ಕತ್ತರಸಂಗಿಲ್ಲ. ಕಬ್ಬಿಣ ಮುಟ್ಟಸಂಗಿಲ್ಲ ಅಂದಾರ ಅತ್ತಿ.”

ಜೈನಾಬಿ ಬಾಯಿ ತುಂಬ ನಕ್ಕಳು.

“ಹಂಗಾದ್ರ ನಮ್ಮ ಗುಲಾಬೀನ್ನ ಕಳಸ್ತೀನಿ ತಗೋರಿ. ಅದರ ಹಲ್ಲಿಗೆ ಯಾರೂ ಕಬ್ಬಿಣ ಅನ್ನಂಗಿಲ್ಲ!”

ಗುಲಾಬಿ ಅವಳ ಹಾಲಿನ ಆಡು. ಅವಳು ತಮಾಷೆಗೆ ಹೇಳಿದ್ದು. ಅವ್ವ ಮಾತ್ರ ನಗಲಿಲ್ಲ. ಅವಳು ಏನನ್ನೋ ಲೆಕ್ಕ ಹಾಕುವಾಗ ಕೆಳತುಟಿಯನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ಆಗ ಹಾಗೇ ಎಳೆದುಕೊಂಡಿದ್ದಳು.

ನನ್ನ ಅವ್ವನ ಜಾಣತನವನ್ನು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇನೆ. ಅವಳು ಎದುರು ಮಾತಾಡಲಿಲ್ಲ, ಕದ್ದು ಮಾಡಲಿಲ್ಲ, ಗಂಡನ ಹತ್ತಿರ ದೂರು ಒಯ್ಯಲಿಲ್ಲ. ಆಯಿ ಜಗುಲಿಯ ಮುಂದೆ ಕೂತು ಬತ್ತಿ ಹೊಸೆಯುವ ಹೊತ್ತು ನೋಡಿ ಹತ್ತಿರ ಹೋಗಿ, ತಾನೂ ಹತ್ತಿ ಹಿಡಿದು ಕೂತಳು.

“ಅತ್ತಿ, ಪೂಜಿ ನೀರು ಈ ಚಳಿಗಾಲ ಮುಗಿಯೂತನಾ ಪತ್ರಿ ಗಿಡಕ್ಕ ಹಾಕಿದ್ರ ನಡೀತೈತೇನ್ರಿ?”

“ಪತ್ರಿ ಗಿಡ ದೇವರಿಗೆ ಇನ್ನೂ ಹತ್ತರ. ಹಾಕ.”

“ಮತ್ತ ಒಂದು ಕೇಳತೀನಿ. ದೇವರಿಗೆ ಬಿಟ್ಟ ಗಿಡಕ್ಕ ದನಾ ಕರಾ ಬಾಯಿ ಹಾಕಿದ್ರ ದೋಷ ಬರತೈತೇನ್ರಿ?”

“ಮೂಕಪ್ರಾಣಿಗೆ ಎಲ್ಲೀ ದೋಷ? ಅದಕ್ಕೇನ ತಿಳೀತೈತಿ? ಹಸದಿತ್ತು, ತಿಂತು.” ಆಯಿ ಬತ್ತಿಯ ತುದಿ ತಿರುವುತ್ತ ಹೇಳಿದಳು. “ಯಾಕ, ಯಾರ ದನ ಬಂದಿತ್ತು?”

“ಇನ್ನೂ ಬಂದಿಲ್ರಿ” ಎಂದಳು ಅವ್ವ.

ಮರುದಿನದಿಂದ ನನ್ನ ಕೊಡ ಬಿಲ್ವಪತ್ರಿ ಗಿಡದ ಕಡೆ ತಿರುಗಿತು. ಬಚ್ಚಲ ನೀರನ್ನು ತಿರುಗಿಸುವುದು ದೊಡ್ಡ ಕೆಲಸ. ಅವ್ವ ಆ ಮಾತನ್ನು ಅಪ್ಪನ ಕಿವಿಗೆ ಹಾಕಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಸಂತೆಪೇಟೆಯಲ್ಲಿ ಅಪ್ಪನದೊಂದು ಅರಿವೆ ಅಂಗಡಿ; ಕೈಗೆ ಮಣ್ಣು ಹತ್ತಿಸಿಕೊಳ್ಳುವ ಮನುಷ್ಯ ಅಲ್ಲ. ಒಂದು ಸೋಮವಾರ ಅಂಗಡಿಗೆ ಹೋಗುವ ಮೊದಲು ಧೋತರ ಎತ್ತಿ ಕಟ್ಟಿ, ಬಚ್ಚಲ ಹಿಂದೆ ಹೊಸ ಕಾಲುವೆ ತೋಡಿ, ನೀರನ್ನು ಹಿತ್ತಲಿನ ಬಾಳೆಗೆ ಬಿಟ್ಟು, ಕೈಕಾಲು ತೊಳೆದು, ರೊಟ್ಟಿ ತಿಂದು ಹೋದರು. ಅವ್ವ ಅಂದು ಶೇಂಗಾ ಹಿಂಡಿಯ ಮೇಲೆ ಅವರಿಗೆ ಎರಡು ಸಲ ಎಣ್ಣೆ ಹಾಕಿದಳು.

ಚಳಿ ಚೆನ್ನಾಗಿ ಹಿಡಿದ ಮೇಲೆ, ಬಳ್ಳಿಯ ಎಲೆಗಳು ಬಾಡಿ ಸ್ವಲ್ಪ ಹಳದಿಗೆ ತಿರುಗಿದಾಗ, ಗುಲಾಬಿ ಬಂತು. ಅವ್ವ ಮುಂಜಾನೆ ಮಿಂದು, ವಿಭೂತಿ ಹಚ್ಚಿಕೊಂಡು, ಬಳ್ಳಿಯ ಬುಡಕ್ಕೂ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ತಪ್ಪಾದರೆ ನನ್ನ ಮೇಲಿರಲಿ ಎಂದು ಕೈಮುಗಿದು, ಆಮೇಲೆ ಆಡಿನ ಹಗ್ಗವನ್ನು ನನ್ನ ಕೈಗೆ ಕೊಟ್ಟಳು. ಮೊದಲು ಬಚ್ಚಲ ಗೋಡೆಯದು ತಿನ್ನಿಸಿದೆವು. ಹಿಂದಿನಿಂದ ಮೆಟ್ಟಿಲು ಹತ್ತಿಸಿ ಮಾಳಿಗೆಗೆ ಒಯ್ದೆವು. ಆಹಾ, ಆ ಪ್ರಾಣಿಯ ಸಂತೋಷ! ಮದುವೆಮನೆಯ ಮೊದಲ ಪಂಕ್ತಿಗೆ ಕೂತ ಬೀಗರ ಹಾಗೆ ತಲೆ ಎತ್ತದೆ ತಿಂದಿತು. ನಡುನಡುವೆ ಹೊಟ್ಟೆ ತುಂಬಿದ ಸಡಗರಕ್ಕೆ ದೊಡ್ಡ ದನಿ ತೆಗೆಯಿತು. ಆಯಿಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಕಿವಿ ಮಾತ್ರ ಬಲು ಚುರುಕು. ಕೋಲೂರಿಕೊಂಡು ಹಿತ್ತಲಿಗೆ ಬಂದು ಮೇಲೆ ಮುಖ ಮಾಡಿದಳು.

“ಮಾಳಗಿ ಮ್ಯಾಲೆ ಏನದು ಒದರಾಕತ್ತಿದ್ದು?”

“ಮೂಕಪ್ರಾಣಿ ಆಯಿ!” ಎಂದೆ ನಾನು.

ಅವ್ವ ಮೆಟ್ಟಿಲಿಳಿದು ಕೆಳಗೆ ಓಡಿದಳು. ಗೋಡೆಯಾಚೆ ಜೈನಾಬಿ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಆಯಿ ಕೋಲಿನ ಮೇಲೆ ಎರಡೂ ಕೈ ಊರಿದಳು.

“ಮೂಕಪ್ರಾಣಿ ಇಷ್ಟ ಒದರತೈತೇನ?” ಎಂದಳು. ಆಮೇಲೆ ಅವ್ವನ ಕಡೆ ತಿರುಗಿ, “ಮೊನ್ನಿ ಬತ್ತಿ ಹೊಸ್ಯಾಕ ಬಂದಿದ್ದು ಇದಕ್ಕೇನ ನೀನು? ಕೇಳಿ ಮಾಡೀದಿ, ಕೇಳದ ಮಾಡಿಲ್ಲ. ಅದಕ್ಕ ಸುಮ್ಮನ ಇರತೀನಿ. ಆದ್ರ ಮಣ್ಣಿನವರು ಬರೂ ದಿನ ನಾ ಹೇಳಿದ್ದು ಹೇಳಿದ್ದ” ಎಂದು ಒಳಗೆ ಹೋದಳು.

ಎಲೆ ಆಡಿಗೆ, ಕಟ್ಟಿಗೆ ನಮಗೆ. ಹಳೆಯ ಬಳ್ಳಿಗಳು ಹಗ್ಗದಂತೆ ಹೊಸೆದುಕೊಂಡಿದ್ದವು. ಒಣಗಿದ್ದನ್ನು ಮುರಿದೆವು, ಹಸಿಯಾಗಿದ್ದನ್ನು ಅವ್ವ ಬಿದಿರಿನ ಹರಿತವಾದ ಸೀಳಿನಿಂದ ಗರಗಸ ಎಳೆದಂತೆ ಎಳೆದೆಳೆದು ಕತ್ತರಿಸಿದಳು. ಹಿಂದಕ್ಕೆ ಸೂಲಗಿತ್ತಿಯರು ಕೂಸಿನ ಹೊಕ್ಕುಳಬಳ್ಳಿ ಕತ್ತರಿಸುತ್ತಿದ್ದದ್ದೂ ಅದರಿಂದಲೇ ಅಲ್ಲವೇ, ಕಬ್ಬಿಣವಲ್ಲವಲ್ಲ. ಮನೆಗೆಲಸ ಮುಗಿಸಿ, ಮಧ್ಯಾಹ್ನದ ಬಿಸಿಲಲ್ಲಿ, ದಿನಕ್ಕೆ ಸ್ವಲ್ಪ ಸ್ವಲ್ಪ. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಖಾರ ಅರೆಯುವಾಗ ಹಲ್ಲು ಕಚ್ಚಿ ಅರೆಯುತ್ತಿದ್ದಳು. ಬೆಳಕಿಂಡಿ ತೆರೆದ ದಿನ ಅಡುಗೆಮನೆಯ ನಡುವೆ ಒಂದು ಬಿಸಿಲಿನ ಚೌಕ ಬಿತ್ತು. ನಾನು ಅದರೊಳಗೆ ಹೋಗಿ ನಿಂತೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಖವನ್ನು ಒಲೆಯ ಬೆಂಕಿಯಲ್ಲಲ್ಲದೆ ಹಗಲಿನ ಬೆಳಕಿನಲ್ಲಿ ಅಲ್ಲಿ ಕಂಡದ್ದು ಅದೇ ಮೊದಲು. ಅವಳ ಗದ್ದದ ಮೇಲೆ ಒಂದು ಹಚ್ಚೆಯ ಚುಕ್ಕೆ ಅಷ್ಟು ಚೆಂದ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆ ಸಂಜೆ ದೀಪದ ಮುಂದೆ ಅವಳು ಹೇಳುವ ಮೊದಲೇ ನಾನು ಹೇಳಿದೆ, ಇವತ್ತು ಚಿಮಣಿ ಹಚ್ಚಲಿಲ್ಲ ದೇವರೇ, ನಿನ್ನ ಉಪಕಾರ.

ಆಮೇಲಿನ ದಿನಗಳು ಕಷ್ಟದವು. ಬಳ್ಳಿ ಎದೆಮಟ್ಟಕ್ಕೆ ಬೋಳಾಗಿ, ಸತ್ತ ಹಾವಿನಂತೆ ಬಚ್ಚಲ ಗೋಡೆಗೆ ಆತುಕೊಂಡಿತ್ತು. ಬಂದವರೆಲ್ಲ ಅದನ್ನು ನೋಡಿ, ಅಯ್ಯೋ, ಏನಾತು ಇದಕ್ಕ, ಎನ್ನುವರು. ಅವ್ವ ನೀರು ಹಾಕಲಿಲ್ಲ. ಬಾಯಾರಿದ್ದನ್ನು ಕಣ್ಣಾರೆ ನೋಡುತ್ತ ನೀರು ಹಿಡಿದಿಡುವುದು ಅವಳಂಥವಳಿಗೆ ಸುಲಭವಲ್ಲ. ಬಾಗಿಲಿಗೆ ಬಂದ ಯಾರನ್ನೂ ಬಾಯಿ ಒಣಗಿಸಿ ಕಳಿಸಿದವಳಲ್ಲ ಅವಳು. ಎಷ್ಟೋ ಸಲ ಚೆಂಬು ಹಿಡಿದು ಬುಡದವರೆಗೆ ಹೋಗಿ, ಮರಳಿ ಬಂದು ಆ ನೀರನ್ನು ತಾನೇ ಕುಡಿದುಬಿಟ್ಟಳು. ಶಿವರಾತ್ರಿ ಕಳೆದ ಮೇಲೆ ಜೈನಾಬಿ ಇನ್ನು ಹಾಕಿರಿ ಎಂದಳು. ಒಂದು ಬುಟ್ಟಿ ಗೊಬ್ಬರ, ಒಂದು ಕೊಡ ನೀರು. ಯುಗಾದಿಯ ಹೊತ್ತಿಗೆ ಗಂಟುಗಂಟಿಗೆ ಚಿಗುರು ಒಡೆಯಿತು. ಅವ್ವ ದಿನಾ ಮುಂಜಾನೆ ಚಿಗುರಿನ ತುದಿಗಳನ್ನು ಬಗ್ಗಿಸಿ ನೋಡುವಳು. ಎಲೆ. ಮರುದಿನವೂ ಎಲೆ. ಸತ್ತಿಲ್ಲ ಎಂಬ ಸಮಾಧಾನ ಹೋಗಿ, ಮತ್ತೆ ಎಲೆಯೇ ಆದರೆ ಏನು ಗತಿ ಎಂಬ ಹೊಸ ಅಂಜಿಕೆ ಹಿಡಿಯಿತು. ಆ ದಿನಗಳಲ್ಲಿ ಅವಳು ಸಾರಿಗೆ ಉಪ್ಪು ಹಾಕುವುದನ್ನೂ ಮರೆಯುತ್ತಿದ್ದಳು. ಅಪ್ಪ ತಾವೇ ಎದ್ದು ಹೋಗಿ ಉಪ್ಪು ತಂದುಕೊಳ್ಳುತ್ತಿದ್ದರು.

ಬೇಸಿಗೆಯ ಕೊನೆಗೆ, ಮಳೆಗೆ ಮೊದಲು, ಮಣ್ಣಿನವರು ಬಂದರು. ಎರಡು ಬಂಡಿ ಮಣ್ಣು ಬಾಗಿಲ ಮುಂದೆ ಬಿತ್ತು. ಕೆಲಸದವರಿಗೆ ಅಡುಗೆ ಮಾಡಲೆಂದು ಗಂಗತ್ತಿಯೂ ಬಂದಳು. ಅವ್ವ ಬೆಳಗಿನಿಂದ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಂದು ಮುಂಜಾನೆ ಅವಳು ಬಳ್ಳಿಯ ಹತ್ತಿರವೂ ಹೋಗಿರಲಿಲ್ಲ, ಹೋಗಿ ನೋಡುವ ಧೈರ್ಯ ಇರಲಿಲ್ಲ. ಕೆಲಸದ ಹಿರಿಯ ಹಿತ್ತಲಿಗೆ ಬಂದು ಕೊಡಲಿ ಕೆಳಗಿಟ್ಟು ಕೇಳಿದ.

“ಅಜ್ಜಮ್ಮಾ, ಈ ಬ್ಯಾರು ಗ್ವಾಡಿ ಒಳಗ ಹೊಕ್ಕೈತ್ರಿ. ತಗದಬಿಡಲೇನ್ರಿ?”

“ತಡೀ.” ಆಯಿ ಕೋಲೂರಿಕೊಂಡು ಬಂದಳು. “ಹುಡುಗಿ, ಬಾ ಇಲ್ಲಿ, ನನ್ನ ಕೈ ಹಿಡಿ.”

ನಾನು ಅವಳ ಕೈ ಹಿಡಿದು ಬಳ್ಳಿಯ ಹತ್ತಿರ ಒಯ್ದೆ. ಮಂಜುಗಣ್ಣಿನ ಆಯಿ ಬೆರಳುಗಳಿಂದಲೇ ನೋಡತೊಡಗಿದಳು. ಅಕ್ಕಿಯಲ್ಲಿನ ಕಲ್ಲನ್ನು ಕಣ್ಣು ಮುಚ್ಚಿ ಆರಿಸುತ್ತಿದ್ದ ಬೆರಳು ಅವು. ಒಂದು ಚಿಗುರು, ಇನ್ನೊಂದು ಚಿಗುರು. ಹಿಂದೆ ಬಾಗಿಲಲ್ಲಿ ಗಂಗತ್ತಿ ನಿಂತಿದ್ದಳು. ಅವ್ವ ಒಳಗೆ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ಎತ್ತರದ ಒಂದು ಕುಡಿಯ ಮೇಲೆ ಆಯಿಯ ಬೆರಳು ನಿಂತಿತು. ಮುಂದೆ ಹೋಯಿತು, ತಿರುಗಿ ಬಂತು.

“ಇಲ್ಲೇನೈತಿ ನೋಡು. ತುದೀಗೆ. ಎಳೀ ಜ್ವಾಳದ ಕಾಳಿನಂಗ ಕೈಗೆ ಹತ್ತಾಕತ್ತೈತಿ.”

ನಾನು ತುದಿಗಾಲಲ್ಲಿ ನಿಂತು ನೋಡಿದೆ. ಒಂದಲ್ಲ, ಒಂದು ಗೊಂಚಲು. ಸಣ್ಣ, ಚೂಪಾದ ಮೊಗ್ಗುಗಳು. ಬೆನ್ನಿಗೆ ಕೆಂಪು ಸವರಿದಂತಿತ್ತು.

“ಮೊಗ್ಗ ಆಯಿ! ಕೆಂಪ ಐತಿ! ಜಾಜಿ!” ಎಂದು ನಾನು ಚೀರಿದ ದನಿ ಬೀದಿಯ ಮಣ್ಣಿನ ಬಂಡಿಯವರಿಗೂ ಕೇಳಿಸಿತು.

ಗಂಗತ್ತಿ ಬಂದು ನೋಡಿದಳು. ಅವಳಿಗೆ ಸೋಲು ಒಪ್ಪುವುದು ಗೊತ್ತಿತ್ತು, ಆದರೆ ಒಂದೇ ಏಟಿಗೆ ಅಲ್ಲ.

“ಮೊಗ್ಗೇನೋ ಖರೇ. ಆದ್ರ ಆಡು ಎಂಜಲ ಮಾಡಿದ ಬಳ್ಳಿ ಹೂವು ಲಿಂಗಕ್ಕ ಏರಸ್ತೀರೇನು?”

ಒಲೆಯ ಮುಂದಿನಿಂದ ಅವ್ವ ಎದ್ದು ಬಂದಳು. ಅವಳು ನಾದಿನಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಆಡು ತಿಂದದ್ದು ಹೋದ ವರ್ಷದ ಎಲಿ, ಗಂಗವ್ವ. ಹೂವು ಹುಟ್ಟಿದ್ದು ಈ ವರ್ಷದ ಚಿಗುರಿಗೆ. ಇದನ್ನ ಇನ್ನೂ ಯಾರೂ ಮುಟ್ಟಿಲ್ಲ. ಅತ್ತಿ ಕೈ ಮುಟ್ಟಿದ್ದ ಮೊದಲು.”

ಆಯಿ ಕೋಲನ್ನು ನೆಲಕ್ಕೆ ಬಡಿದಳು. ಕೆಲಸದ ಹಿರಿಯನ ಕಡೆ ತಿರುಗಿದಳು.

“ಕೊಡ್ಲಿ ತಗೋ ಅತ್ತಾಗ. ಬಸರಿ ಹೆಣ್ಣಮಗಳನ್ನ ಮನಿ ಬಿಡಸ್ತಾರೇನು? ಮ್ಯಾಲೆ ಮಣ್ಣ ಹಾಕೂವಾಗ ಒಂದ ಹಳೀ ಧೋತರ ಹೊಚ್ಚು ಇದಕ್ಕ, ಧೂಳ ಬೀಳಬಾರದು. ಗ್ವಾಡಿ ಬ್ಯಾರು ಗ್ವಾಡ್ಯಾಗ ಇರಲಿ, ಗ್ವಾಡಿಗೆ ಅದು ಆಸರ, ಅದಕ್ಕ ಗ್ವಾಡಿ.”

ಮಧ್ಯಾಹ್ನ ಕೆಲಸದವರ ಊಟ ಆದ ಮೇಲೆ ಗಂಗತ್ತಿ ಅವ್ವನ ಪಕ್ಕ ಎಲೆ ಹಾಕಿಕೊಂಡು ಕೂತು, ಪುಂಡಿಪಲ್ಲೆ ಎರಡನೆಯ ಸಲ ಹಾಕಿಸಿಕೊಂಡು, ಮೆಲ್ಲಗೆ, ವೈನಿ, ನನಗೂ ಒಂದು ಕಡ್ಡಿ ಕೊಡ್ರಿ ಹಾವೇರಿಗೆ, ಎಂದಳು. ಅವ್ವ ಕೊಡುತ್ತೇನೆ ಎನ್ನುವ ಮೊದಲೇ ಆಯಿ ನಡುಮನೆಯಿಂದ, ಕೊಡತಾಳ, ನಿನ್ನ ಮನ್ಯಾಗ ಆಡು ಐತೇನು ಮೊದಲು ಕೇಳಕೋ, ಎಂದಳು. ನಾವೆಲ್ಲ ನಕ್ಕೆವು. ಹೆಚ್ಚು ನಕ್ಕವಳು ಗಂಗತ್ತಿಯೇ.

ಹೂವು ಅರಳಿದ್ದು ಮೊದಲ ಮಳೆ ಬಿದ್ದ ಮೇಲೆ, ಒಂದು ಸಂಜೆ. ಜಾಜಿ ಸಂಜೆಗೇ ಬಿರಿಯುವುದು. ದೇವರಿಗೆ ಏರಿಸುವ ಹೂವನ್ನು ಮೂಸಬಾರದು. ಇದು ನಮ್ಮ ಮನೆಯಲ್ಲಿ ಕೂಸಿಗೂ ಗೊತ್ತಿದ್ದ ಮಾತು. ಲಿಂಗಕ್ಕೆ ಏರುವುದು ಮರುದಿನದ ಪೂಜೆಗೆ. ಅಲ್ಲಿಯವರೆಗೆ ಆ ಪರಿಮಳ ದೇವರದು. ಅವ್ವ ಬಳ್ಳಿಯ ಮುಂದೆ ನಿಂತಳು, ಹೂವುಗಳನ್ನು ಎಣಿಸಲಿಲ್ಲ, ಮುಟ್ಟಲಿಲ್ಲ. ಬಿಳಿ ಎಸಳುಗಳನ್ನು ನೋಡಿ ಕೈ ಮುಗಿದು, ಸೆರಗನ್ನು ಮೂಗಿಗೆ ಒತ್ತಿ ಹಿಡಿದುಕೊಂಡು ಒಳಗೆ ಬಂದುಬಿಟ್ಟಳು. ಎಷ್ಟು ವರ್ಷದಿಂದ ಯಾವ ವಾಸನೆಗಾಗಿ ಕಾದಿದ್ದಳೋ ಅದನ್ನು ಒಂದು ಗೋಡೆಯಾಚೆ ಬಿಟ್ಟು, ಅಡುಗೆಮನೆಯಲ್ಲಿ ಕೂತು ಮೂಗು ಮುಚ್ಚಿಕೊಂಡೇ ಬೇಳೆ ಆರಿಸತೊಡಗಿದಳು. ನಾನೂ ಅವಳನ್ನು ನೋಡಿ ಸೆರಗಿಲ್ಲದ್ದಕ್ಕೆ ಪರಕಾರದ ಅಂಚನ್ನು ಮೂಗಿಗೆ ಹಿಡಿದುಕೊಂಡೆ.

ಗಾಳಿ ಎದ್ದಿತು. ಮಳೆಯಿಂದ ಹಸಿಯಾದ ಮಾಳಿಗೆಯ ಮೇಲಿಂದ, ತೆರೆದ ಬೆಳಕಿಂಡಿಯ ಮೂಲಕ, ಒಲೆಯ ಹೊಗೆಯನ್ನು ಸರಿಸಿಕೊಂಡು ಜಾಜಿಯ ಪರಿಮಳ ಒಳಗಿಳಿಯಿತು. ನಡುಮನೆಯಲ್ಲಿ ಆಯಿ ಕೂತಲ್ಲಿಂದಲೇ ತಲೆ ಎತ್ತಿದಳು. ಅವಳಿಗೆ ನಾವು ಕಾಣುತ್ತಿರಲಿಲ್ಲ, ಆದರೆ ನಮ್ಮ ಉಸಿರು ಕೇಳಿಸುತ್ತಿರಲಿಲ್ಲ ಎಂಬುದು ಕೇಳಿಸಿತ್ತು.

“ಪಾರವ್ವಾ, ಉಸರ ಹಿಡದು ಕುಂತೀಯೇನು?”

ಅವ್ವ ಸೆರಗಿನೊಳಗಿಂದಲೇ ಹೂಂ ಎಂದಳು.

“ಬಿಡು. ನೀನು ಹೋಗಿ ಮೂಸಿಲ್ಲ, ಅದ ಬಂದೈತಿ. ಗಾಳಿ ತಂದದ್ದು ದೇವರು ಕಳಸಿದ್ದು. ಉಸರ ತಗೋ.”

ಅವ್ವ ಸೆರಗು ಇಳಿಸಿದಳು. ಕಣ್ಣು ಮುಚ್ಚಿ, ಎದೆ ತುಂಬ ಒಂದು ಉಸಿರು ಎಳೆದುಕೊಂಡು, ಬಹಳ ಹೊತ್ತು ಬಿಡಲೇ ಇಲ್ಲ.

“ನಮ್ಮವ್ವಂದ, ಅತ್ತಿ” ಎಂದಳು ಆಮೇಲೆ. “ಇದು ನಮ್ಮವ್ವಂದ.”